ಗೋಡೆಯ ಮೇಲಿನ ಸಣ್ಣ ಪೆಟ್ಟಿಗೆ ತಂಪಾಗಿರಲಿ

ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ ಮೊದಲಾದ ನಗರಗಳಲ್ಲಿ ದುಡಿಯುವ ನಮ್ಮವರು ತಿಂಗಳು ತಿಂಗಳು ಊರಿಗೆ ಕಳುಹಿಸುವ ಹಣದಲ್ಲಿ ತಾಯಿಯ ಔಷಧಿಗೆಷ್ಟು, ತಂಗಿಯ ಓದಿಗೆಷ್ಟು, ಮನೆಯ ಮಾಡಿನ ದುರಸ್ತಿಗೆಷ್ಟು ಎಂಬ ಲೆಕ್ಕ ಹಿಂದಿನಿಂದಲೂ ಇದ್ದುದೇ. ಈಚಿನ ವರ್ಷಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಬಾಬು ಸೇರಿಕೊಂಡಿದೆ. ಅದು ಸೋಲಾರ್ ದೀಪದ ಖರ್ಚು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ದಿನ ಕತ್ತಲೆಯಲ್ಲಿರುವ ಕರಾವಳಿಯ ಹಳ್ಳಿಗಳಲ್ಲಿಯೂ, ಬೇಸಗೆಯಲ್ಲಿ ಕರೆಂಟಿನ ಹಾದಿ ಕಾಯುವ ಬಯಲುಸೀಮೆಯ ಊರುಗಳಲ್ಲಿಯೂ ಮನೆಯ ಮಗನು ಪರಊರಿನಿಂದ ಕಳುಹಿಸಿದ ಹಣದಿಂದ ಉರಿಯುವ ದೀಪಗಳು ಇಂದು ಬಹಳವಿವೆ. ಇದು ಅಭಿಮಾನಪಡತಕ್ಕ ವಿಷಯವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಇಂತಹ ದೀಪವನ್ನು ಹಾಕಿಸುವಾಗ ನಮ್ಮವರು ವಿಚಾರಿಸುವುದು ಎರಡೇ ವಸ್ತುಗಳನ್ನು. ಮಾಡಿನ ಮೇಲಿನ ಪ್ಯಾನೆಲ್ ಎಷ್ಟು ವಾಟಿನದು, ಮೂಲೆಯಲ್ಲಿರುವ ಬ್ಯಾಟರಿ ಎಷ್ಟು ದೊಡ್ಡದು ಎಂದು ಕೇಳುತ್ತಾರೆ. ಈ ಎರಡರ ನಡುವೆ ಗೋಡೆಗೆ ತೂಗಿಬಿಟ್ಟಿರುವ ಅಂಗೈಯಗಲದ ಪೆಟ್ಟಿಗೆಯ ವಿಚಾರವನ್ನು ಯಾರೂ ಎತ್ತುವುದಿಲ್ಲ. ಚಾರ್ಜ್ ಕಂಟ್ರೋಲರ್ ಎಂಬ ಆ ಪೆಟ್ಟಿಗೆ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಹತ್ತು ಸಾವಿರವನ್ನು ಮೀರಿದ ಬೆಲೆಯ ಬ್ಯಾಟರಿಯ ಆಯುಸ್ಸು ಮಾತ್ರ ಅದರ ಕೈಯಲ್ಲಿದೆ. ಎರಡು ಬೇಸಗೆ ಕಳೆಯುವುದರೊಳಗೆ ದೀಪ ಮಂಕಾಯಿತು, ಬ್ಯಾಟರಿ ಹಾಳಾಯಿತು, ಮತ್ತೆ ಹಣ ಕಳುಹಿಸು ಎಂದು ಊರಿನಿಂದ ಕರೆ ಬರುವ ಸಂದರ್ಭಗಳಲ್ಲಿ ದೋಷವೆಲ್ಲವೂ ಬ್ಯಾಟರಿಯ ತಲೆಗೆ ಕಟ್ಟಲ್ಪಡುತ್ತದೆ. ಪೆಟ್ಟಿಗೆಯನ್ನು ಮುಟ್ಟಿ ನೋಡಿದವರೇ ಇರುವುದಿಲ್ಲ.

ಅಗ್ಗದ ಕಂಟ್ರೋಲರನ್ನು ಕೊಂಡುದರಲ್ಲಿ ಅಪರಾಧವೇನೂ ಇಲ್ಲ. ಅದನ್ನು ತಂಪಾಗಿಡದಿದ್ದರೆ ಮಾತ್ರ ನಷ್ಟ ತಪ್ಪದು ಎಂಬುದು ನಮ್ಮ ಅಭಿಮತ. ತಂಪಾಗಿಡುವ ಕೆಲಸಕ್ಕೆ ಹಣ ಬೇಕಾದುದು ಅತ್ಯಲ್ಪ, ತಿಳುವಳಿಕೆ ಬೇಕಾದುದು ಹೆಚ್ಚು. ಆ ತಿಳುವಳಿಕೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾವು ವಿದ್ಯುಚ್ಛಾಸ್ತ್ರದ ಪದವೀಧರರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಒಲೆ, ಗ್ರೈಂಡರು, ಫ್ರಿಜ್ಜುಗಳೊಡನೆ ವರ್ಷಾನುಗಟ್ಟಲೆ ಹೆಣಗಿದವರು. ಬಿಸಿಯು ಯಂತ್ರದ ಆಯುಸ್ಸನ್ನು ಹೇಗೆ ತಿನ್ನುತ್ತದೆಂಬುದು ಹೋಟೆಲಿನವನಿಗೆ ಅರ್ಥವಾಗುವಷ್ಟು ಮತ್ತಾರಿಗೆ ಅರ್ಥವಾದೀತು?

ಮೊದಲು ಆ ಪೆಟ್ಟಿಗೆಯ ಕೆಲಸವನ್ನು ತಿಳಿಯೋಣ. ಅದು ಉಗ್ರಾಣದ ಬೀಗದ ಕೈ ಹಿಡಿದವನಿದ್ದಂತೆ. ಹನ್ನೆರಡು ವೋಲ್ಟಿನ ಬ್ಯಾಟರಿಗೆಂದು ಮಾಡಿದ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ 17–18 ವೋಲ್ಟಿನವರೆಗೆ ಕೊಡಬಲ್ಲುದು. ಅದನ್ನು ನೇರವಾಗಿ ಹರಿಯಬಿಟ್ಟರೆ ಬ್ಯಾಟರಿ ಕುದಿದು ಹಾಳಾಗುತ್ತದೆ. ಸೀಸದ ಬ್ಯಾಟರಿಯು ಸುಮಾರು 14.4 ವೋಲ್ಟನ್ನು ಮುಟ್ಟಿದಾಗ ಕಂಟ್ರೋಲರು ಒಳಹರಿವನ್ನು ಬಿಗಿಹಿಡಿಯುತ್ತದೆ. ರಾತ್ರಿ ದೀಪ ಉರಿದು ಬ್ಯಾಟರಿ ಸುಮಾರು 11 ವೋಲ್ಟಿಗೆ ಇಳಿದಾಗ ದೀಪವನ್ನು ಆರಿಸಿ, ಅದು ಪೂರ್ತಿ ಬರಿದಾಗದಂತೆ ಕಾಯುತ್ತದೆ. ಉಗ್ರಾಣಿಯ ಬುದ್ಧಿ ನೆಟ್ಟಗಿರುವವರೆಗೆ ಉಗ್ರಾಣ ಸುರಕ್ಷಿತ. ಉಗ್ರಾಣಿಗೆ ಜ್ವರ ಬಂದರೆ ಲೆಕ್ಕವೆಲ್ಲವೂ ತಪ್ಪು.

ಈ ಜ್ವರವೆಲ್ಲಿಂದ ಬರುತ್ತದೆ? ಅಗ್ಗದ ಕಂಟ್ರೋಲರುಗಳಲ್ಲಿ ಹೆಚ್ಚಿನವು ಪಿ.ಡಬ್ಲ್ಯು.ಎಂ. ಎಂಬ ಜಾತಿಯವು. ಅವುಗಳೊಳಗೆ ಮಾಸ್‌ಫೆಟ್ ಎಂಬ ಸಣ್ಣ ಸ್ವಿಚ್ಚುಗಳು ಸೆಕೆಂಡಿಗೆ ಅನೇಕ ಬಾರಿ ತೆರೆದು ಮುಚ್ಚಿ ಪ್ರವಾಹವನ್ನು ಅಳೆದು ಬಿಡುತ್ತವೆ. ಪ್ರವಾಹ ಹರಿಯುವ ದಾರಿಯಲ್ಲೆಲ್ಲ ಸ್ವಲ್ಪ ತಡೆಯುಂಟು, ತಡೆಯಿದ್ದಲ್ಲಿ ಬಿಸಿಯುಂಟು. ಇಲ್ಲಿ ಮನಸ್ಸಿನಲ್ಲಿಡಬೇಕಾದ ಒಂದು ಲೆಕ್ಕವಿದೆ. ಪ್ರವಾಹ ಇಮ್ಮಡಿಯಾದರೆ ಈ ಬಿಸಿ ನಾಲ್ಮಡಿಯಾಗುತ್ತದೆ. ಹತ್ತು ಆಂಪಿಯರು ಹರಿದಾಗ ಒಂದು ವಾಟಿನಷ್ಟು ಬಿಸಿ ಹುಟ್ಟಿಸುವ ದಾರಿಯಲ್ಲಿ ಇಪ್ಪತ್ತು ಆಂಪಿಯರು ಹರಿದರೆ ನಾಲ್ಕು ವಾಟು. ರಾತ್ರಿಯಲ್ಲಿ ಪ್ರವಾಹವು ಹಿಮ್ಮುಖವಾಗಿ ಹರಿಯದಂತೆ ತಡೆಯುವ ಡಯೋಡು ಕೆಲವು ಪೆಟ್ಟಿಗೆಗಳಲ್ಲಿರುತ್ತದೆ. ಅದರಲ್ಲಿ ಅರ್ಧ ವೋಲ್ಟು ಸೋರಿಹೋದರೂ ಇಪ್ಪತ್ತು ಆಂಪಿಯರಿಗೆ ಹತ್ತು ವಾಟು ಬಿಸಿಯಾಗುತ್ತದೆ. ಎಂ.ಪಿ.ಪಿ.ಟಿ. ಎಂಬ ಮೇಲಿನ ಜಾತಿಯ ಕಂಟ್ರೋಲರು ಪ್ಯಾನೆಲ್ಲಿನಿಂದ ಹೆಚ್ಚು ಶಕ್ತಿಯನ್ನು ಹಿಂಡಿ ತೆಗೆಯುವುದು ನಿಜ. ಆದರೆ ಅದೂ ಬಿಸಿಗೆ ಹೊರತಲ್ಲ. 300 ವಾಟಿನಲ್ಲಿ ನೂರಕ್ಕೆ ತೊಂಬತ್ತೈದರಷ್ಟನ್ನು ಮುಂದಕ್ಕೆ ದಾಟಿಸಿದರೂ ಉಳಿದ ಹದಿನೈದು ವಾಟು ಆ ಪೆಟ್ಟಿಗೆಯೊಳಗೇ ಬಿಸಿಯಾಗಿ ನಿಲ್ಲುತ್ತದೆ.

ಹತ್ತು ಹದಿನೈದು ವಾಟು ಎಂದರೆ ದೊಡ್ಡದೇನೆಂದು ಕೆಲವರು ಕೇಳಬಹುದು. ಅಷ್ಟೇ ಬಿಸಿಯು ಗಾಳಿಯಾಡದ ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ದಿನಕ್ಕೆ ಐದಾರು ಗಂಟೆ ತುಂಬುತ್ತಿರುತ್ತದೆಂಬುದನ್ನು ಮರೆಯಬಾರದು. ನಮ್ಮ ಹೋಟೆಲುಗಳಲ್ಲಿ ಫ್ರಿಜ್ಜಿನ ಬೆನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ಅರಿಯದವರಿಲ್ಲ. ಒಳಗಿನ ಬಿಸಿ ಹೊರಹೋಗಲಾರದೆ ಕಂಪ್ರೆಸರು ವಿಶ್ರಾಂತಿಯಿಲ್ಲದೆ ಓಡುತ್ತದೆ, ಕರೆಂಟಿನ ಬಿಲ್ಲು ಏರುತ್ತದೆ, ಕೊನೆಗೆ ಯಂತ್ರವೇ ನಿಲ್ಲುತ್ತದೆ. ಇಲ್ಲಿಯೂ ಅದೇ ನಿಯಮ. ಕಂಟ್ರೋಲರಿನ ಬೆನ್ನಿಗೆ ಅಲ್ಯೂಮಿನಿಯಮ್ಮಿನ ಹಲ್ಲುಹಲ್ಲಾದ ತಗಡನ್ನು ಕೂಡಿಸಿರುವುದು ಅಲಂಕಾರಕ್ಕಲ್ಲ. ಬಿಸಿ ಚಹಾವನ್ನು ಬಸಿಗೆ ಸುರಿದಾಗ ಅಗಲವಾಗಿ ಹರಡಿ ಬೇಗನೆ ಆರುವಂತೆ, ಆ ಹಲ್ಲುಗಳು ಬಿಸಿಯನ್ನು ಅಗಲವಾಗಿ ಹರಡಿ ಗಾಳಿಗೆ ಒಪ್ಪಿಸುತ್ತವೆ. ಗಾಳಿಯೇ ಇಲ್ಲದಿದ್ದರೆ ಒಪ್ಪಿಸುವುದು ಯಾರಿಗೆ?

ಬಿಸಿಯಿಂದಾಗುವ ಹಾನಿ ಮೂರು ಬಗೆಯದು. ಮೊದಲನೆಯದು ಪೆಟ್ಟಿಗೆಯದೇ ಆಯುಸ್ಸಿನ ಹಾನಿ. ಒಳಗಿರುವ ಕೆಪಾಸಿಟರುಗಳಲ್ಲಿ ದ್ರವವುಂಟು. ಬಿಸಿಗೆ ಅದು ಒಣಗುತ್ತದೆ. ಬಿಸಿಯು ಹತ್ತು ಡಿಗ್ರಿ ಏರಿದರೆ ಅವುಗಳ ಆಯುಸ್ಸು ಹೆಚ್ಚುಕಡಮೆ ಅರ್ಧವಾಗುತ್ತದೆಂಬುದು ಕುಶಲಕರ್ಮಿಗಳು ಒಪ್ಪಿದ ಸ್ಥೂಲ ನಿಯಮ. ಎಂಟು ವರ್ಷ ಬಾಳಬೇಕಾದುದು ಇಪ್ಪತ್ತು ಡಿಗ್ರಿ ಹೆಚ್ಚಿನ ಬಿಸಿಯಲ್ಲಿ ಎರಡೇ ವರ್ಷಕ್ಕೆ ಮುಗಿಯಿತೆಂದು ತಿಳಿಯಬೇಕು. ಎರಡನೆಯದು ವಿಷಚಕ್ರ. ಮಾಸ್‌ಫೆಟ್ಟು ಬಿಸಿಯೇರಿದಷ್ಟೂ ಅದರ ತಡೆ ಹೆಚ್ಚುತ್ತದೆ. ತಡೆ ಹೆಚ್ಚಿದಷ್ಟೂ ಮತ್ತೆ ಬಿಸಿಯೇರುತ್ತದೆ. ಒಳ್ಳೆಯ ಕಂಟ್ರೋಲರು ಇದನ್ನರಿತು ತಾನಾಗಿಯೇ ಪ್ರವಾಹವನ್ನು ತಗ್ಗಿಸಿಕೊಳ್ಳುತ್ತದೆ. ಅಗ್ಗದ್ದಕ್ಕೆ ಅಷ್ಟು ವಿವೇಕವಿಲ್ಲದೆ ಸುಟ್ಟುಹೋಗುವುದುಂಟು.

ಮೂರನೆಯ ಹಾನಿಯೇ ಎಲ್ಲಕ್ಕಿಂತ ಗೂಢವಾದುದು. ನಮ್ಮವರ ಹಣ ಕಣ್ಣಿಗೆ ಕಾಣದಂತೆ ಸೋರಿಹೋಗುವುದು ಇಲ್ಲಿಯೇ. ಸೀಸದ ಬ್ಯಾಟರಿ ಬಿಸಿಯಾಗಿದ್ದರೆ ಅದನ್ನು ಕಡಮೆ ವೋಲ್ಟಿನಲ್ಲಿಯೂ, ತಣ್ಣಗಿದ್ದರೆ ಹೆಚ್ಚು ವೋಲ್ಟಿನಲ್ಲಿಯೂ ತುಂಬಿಸಬೇಕೆಂಬ ನಿಯಮವಿದೆ. ಆದುದರಿಂದ ಅನೇಕ ಕಂಟ್ರೋಲರುಗಳೊಳಗೆ ಬಿಸಿಯನ್ನು ಅಳೆಯುವ ಒಂದು ಸಣ್ಣ ಸಾಧನವನ್ನು ಇಟ್ಟಿರುತ್ತಾರೆ. ಬ್ಯಾಟರಿಯ ಮೈಗೆ ಅಂಟಿಸುವ ಬೇರೆ ತಂತಿಯನ್ನು ಕೊಡುವಷ್ಟು ಔದಾರ್ಯ ಅಗ್ಗದ ಪೆಟ್ಟಿಗೆಗಿಲ್ಲ. ಅದು ತನ್ನ ಮೈಬಿಸಿಯನ್ನೇ ಬ್ಯಾಟರಿಯ ಬಿಸಿಯೆಂದು ನಂಬುತ್ತದೆ. ಡಿಗ್ರಿಗೆ ಸುಮಾರು 24 ಮಿಲಿವೋಲ್ಟಿನಂತೆ ಇಳಿಸುವ ಪೆಟ್ಟಿಗೆಯೊಂದು ಬ್ಯಾಟರಿಗಿಂತ 20 ಡಿಗ್ರಿ ಹೆಚ್ಚು ಬಿಸಿಯಾಗಿದೆಯೆಂದು ಇಟ್ಟುಕೊಳ್ಳೋಣ. ಹೆಚ್ಚುಕಡಮೆ ಅರ್ಧ ವೋಲ್ಟು ಇಳಿದುಹೋಗಿ, 14.4 ಆಗಬೇಕಾದಲ್ಲಿ 13.9ಕ್ಕೇ ತುಂಬಿತೆಂದು ಅದು ಕೈ ಬಿಡುತ್ತದೆ. ಬ್ಯಾಟರಿ ದಿನದಿನವೂ ಅರೆಹೊಟ್ಟೆಯಲ್ಲಿ ಮಲಗುತ್ತದೆ. ಅರೆತುಂಬಿದ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಗಟ್ಟಿಯಾದ ಗಂಧಕದ ಲವಣ ಕಟ್ಟಿಕೊಂಡು ಅದರ ಶಕ್ತಿ ಕುಂದುತ್ತದೆ. ಹೀಗೆ ಪೆಟ್ಟಿಗೆಯ ಜ್ವರಕ್ಕೆ ಬ್ಯಾಟರಿ ಬಲಿಯಾಗುತ್ತದೆ. ಮನೆಯವರು ಬ್ಯಾಟರಿಯನ್ನು ಶಪಿಸುತ್ತಾರೆ.

ಇನ್ನು ನಮ್ಮ ಊರಿನ ಮನೆಗಳಲ್ಲಿ ಈ ಪೆಟ್ಟಿಗೆಗೆ ದೊರೆತಿರುವ ಸ್ಥಾನಮಾನಗಳನ್ನು ನೋಡೋಣ. ತಂತಿ ಉಳಿಯಲೆಂದು ಸಿಮೆಂಟು ಶೀಟಿನ ಅಥವಾ ತಗಡಿನ ಮಾಡಿನ ಕೆಳಗೇ, ಮನೆಯ ಬಿಸಿಯೆಲ್ಲವೂ ಏರಿ ನಿಲ್ಲುವ ಎಡೆಯಲ್ಲಿ ಅದನ್ನು ಬಿಗಿಯುವುದುಂಟು. ಮಕ್ಕಳು ಮುಟ್ಟದಿರಲೆಂದು ಮರದ ಕಪಾಟಿನೊಳಗಿಟ್ಟು ಬಾಗಿಲು ಹಾಕುವುದುಂಟು. ಜಗಲಿಯಲ್ಲಿದ್ದರೆ ಮಳೆಯ ಎರಚಲಿಗೆ ಪ್ಲಾಸ್ಟಿಕ್ ಚೀಲ ಸುತ್ತುವುದುಂಟು. ಮಳೆ ಹೋಗಿ ಬೇಸಗೆ ಬಂದರೂ ಆ ಚೀಲವನ್ನು ಬಿಚ್ಚುವವರಿಲ್ಲ. ಇನ್ನು ಕೆಲವೆಡೆ ಬ್ಯಾಟರಿಯ ನೆತ್ತಿಯ ಮೇಲೆಯೇ ಅದು ತೂಗುತ್ತಿರುತ್ತದೆ. ಸೀಸದ ಬ್ಯಾಟರಿಯಿಂದ ಏಳುವ ಆಮ್ಲದ ಹಬೆ ಪೆಟ್ಟಿಗೆಯ ಲೋಹವನ್ನು ತಿನ್ನುತ್ತದೆ. ಜೊತೆಗೆ ಏಳುವ ಹೈಡ್ರೋಜನ್ ಅನಿಲವು ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲುದು. ಕಲಬುರಗಿ, ರಾಯಚೂರುಗಳ ಕಡೆ ಬೇಸಗೆಯಲ್ಲಿ ನೆರಳಿನ ಬಿಸಿಯೇ 40 ಡಿಗ್ರಿಯನ್ನು ದಾಟುವಾಗ, ಮುಚ್ಚಿದ ಕಪಾಟಿನ ಬಿಸಿ ಮತ್ತು ಪೆಟ್ಟಿಗೆಯ ಸ್ವಂತ ಬಿಸಿ ಇವೆರಡೂ ಅದಕ್ಕೆ ಕೂಡಿಕೊಂಡರೆ ಉಳಿಯುವುದೇನು? ಬಿಸಿಲು ಪ್ರಖರವಾಗಿರುವ ಹೊತ್ತಿನಲ್ಲಿಯೇ ಪೆಟ್ಟಿಗೆಗೆ ಕೆಲಸ ಹೆಚ್ಚು, ಗಾಳಿಯ ಬಿಸಿಯೂ ಹೆಚ್ಚು ಎಂಬುದು ಇದರ ದುರ್ದೈವ.

ಪರಿಹಾರವು ಸುಲಭವಾಗಿದೆ, ಅದನ್ನು ಕ್ರಮವಾಗಿ ಹೇಳುವೆವು.

ಪೆಟ್ಟಿಗೆಯನ್ನು ಮನೆಯೊಳಗೆ, ಬಿಸಿಲು ಬೀಳದ ಗೋಡೆಯ ಮೇಲೆ, ಎದೆಯ ಎತ್ತರದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಪಡುವಣ ಬಿಸಿಲಿಗೆ ಕಾಯುವ ಗೋಡೆಯೂ, ಒಲೆಯ ಬೆನ್ನಿನ ಗೋಡೆಯೂ ಬೇಡ. ಇಟ್ಟಿಗೆಯ ಅಥವಾ ಕಲ್ಲಿನ ಗೋಡೆ ಲೇಸು. ಮರದ ಹಲಗೆಗೆ ಬೆಂಕಿಯ ಭಯವುಂಟು. ಮೇಲೆಯೂ ಕೆಳಗೆಯೂ ಒಂದೊಂದು ಗೇಣು ತೆರವಿರಲಿ. ಬಿಸಿಗಾಳಿ ತಾನಾಗಿ ಮೇಲೇರುತ್ತದೆ, ತಣ್ಣನೆಯ ಗಾಳಿ ಕೆಳಗಿನಿಂದ ಬಂದು ಸೇರುತ್ತದೆ. ಬೆನ್ನಿನ ಹಲ್ಲುಗಳ ಸಾಲು ಮೇಲಿನಿಂದ ಕೆಳಕ್ಕಿದ್ದರೆ ಮಾತ್ರ ಈ ಹರಿವು ಸಲೀಸು. ಪೆಟ್ಟಿಗೆಯನ್ನು ಅಡ್ಡವಾಗಿ ಮಲಗಿಸಿದರೆ ಗಾಳಿ ಅಲ್ಲಿಯೇ ಸಿಕ್ಕಿಬೀಳುತ್ತದೆ. ಬೆನ್ನು ಗೋಡೆಗೆ ಒತ್ತದಂತೆ ನಾಲ್ಕು ಮೂಲೆಗಳಲ್ಲಿ ಬೆರಳಗಲದ ಬಿಲ್ಲೆಗಳನ್ನಿಟ್ಟು ಮೊಳೆ ತಿರುಗಿಸಿದರೆ ಇನ್ನೂ ಒಳ್ಳೆಯದು. ಬ್ಯಾಟರಿ ಅದೇ ಕೋಣೆಯಲ್ಲಿರಲಿ. ಆದರೆ ಪೆಟ್ಟಿಗೆಯ ಕೆಳಗಿರುವುದು ಬೇಡ, ಪಕ್ಕಕ್ಕೆ ಸರಿದಿರಲಿ. ಕೋಣೆಗೆ ಕಿಟಕಿಯಿರಲಿ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬರೆದ ಆಂಪಿಯರನ್ನು ಪೂರ್ತಿಯಾಗಿ ನಂಬಬಾರದು. ಪ್ಯಾನೆಲ್ಲಿನ ಬೆನ್ನಿನ ಚೀಟಿಯಲ್ಲಿ ಶಾರ್ಟ್ ಸರ್ಕಿಟ್ ಪ್ರವಾಹವೆಂದು ಬರೆದಿರುವ ಅಂಕೆಗೆ ಕಾಲು ಪಾಲು ಕೂಡಿಸಿದುದು ಕನಿಷ್ಠ ಅಳತೆ. ಅಗ್ಗದ ಪೆಟ್ಟಿಗೆಯಾದರೆ ಅದರ ಇಮ್ಮಡಿಯ ಸಮೀಪದ್ದನ್ನೇ ಕೊಳ್ಳಬೇಕೆಂದು ನಮ್ಮ ಸಲಹೆ. ಹತ್ತು ಆಂಪಿಯರಿನ ಪ್ಯಾನೆಲ್ಲಿಗೆ ಹತ್ತರ ಪೆಟ್ಟಿಗೆಯನ್ನು ಕಟ್ಟುವುದು ಒಬ್ಬನೇ ಸಪ್ಲಯರನ ಮೇಲೆ ಇಡೀ ಹೋಟೆಲಿನ ಮೇಜುಗಳನ್ನು ಬಿಟ್ಟಂತೆ. ಇಪ್ಪತ್ತರದನ್ನು ಕೊಂಡರೆ ಹೆಚ್ಚುವ ಖರ್ಚು ಸ್ವಲ್ಪವೇ. ದಪ್ಪ ದಾರಿ, ದೊಡ್ಡ ತಗಡು ದೊರೆತು ಪೆಟ್ಟಿಗೆ ನಿರಾಯಾಸವಾಗಿ ದುಡಿಯುತ್ತದೆ. ಎಂ.ಪಿ.ಪಿ.ಟಿ. ಎಂದು ಮೇಲೆ ಬರೆದು ಒಳಗೆ ಪಿ.ಡಬ್ಲ್ಯು.ಎಂ. ಇಟ್ಟಿರುವ ಪೆಟ್ಟಿಗೆಗಳೂ ಪೇಟೆಯಲ್ಲಿವೆ. ನಿಜವಾದ ಎಂ.ಪಿ.ಪಿ.ಟಿ.ಯೊಳಗೆ ತಾಮ್ರದ ಸುರುಳಿ ಇರಲೇಬೇಕು. ಆದುದರಿಂದ ಅದು ಕೈಗೆ ಭಾರವಾಗಿರುತ್ತದೆ. ಹಗುರವಾದ ಪ್ಲಾಸ್ಟಿಕ್ ಡಬ್ಬಿಯನ್ನು ಆ ಹೆಸರಿನಲ್ಲಿ ಮಾರುವವನನ್ನು ಸಂಶಯದಿಂದ ನೋಡಬೇಕು.

ತಂತಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಬ್ಯಾಟರಿಗೂ ಕಂಟ್ರೋಲರಿಗೂ ನಡುವೆ ಐದು ಮೀಟರಿನ ದೂರವಿದ್ದು, 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ, ಹೋಗಿ ಬರುವ ಹತ್ತು ಮೀಟರಿನಲ್ಲಿ ಹತ್ತು ಆಂಪಿಯರಿಗೆ ಸುಮಾರು 0.7 ವೋಲ್ಟು ಕಳೆದುಹೋಗುತ್ತದೆ. ಆಗ ಕಂಟ್ರೋಲರಿಗೆ ಕಾಣುವ ವೋಲ್ಟು ಬೇರೆ, ಬ್ಯಾಟರಿಗೆ ಮುಟ್ಟುವ ವೋಲ್ಟು ಬೇರೆ. ಈ ತಂತಿ ಒಂದೆರಡು ಮೀಟರಿನೊಳಗೆ ಮುಗಿಯಲಿ, ದಪ್ಪವಾಗಿಯೂ ಇರಲಿ, ಬ್ಯಾಟರಿಯ ಬಳಿ ಫ್ಯೂಜೊಂದಿರಲಿ. ಪೆಟ್ಟಿಗೆಯ ಬಿಸಿಯ ಇನ್ನೊಂದು ಮೂಲ ಸಡಿಲವಾದ ತಿರುಪು. ಹಗಲು ಕಾದು ರಾತ್ರಿ ತಣಿಯುವ ಲೋಹ ಹಿಗ್ಗಿ ಕುಗ್ಗಿ ತಿರುಪನ್ನು ಸಡಿಲಿಸುತ್ತದೆ. ಸಡಿಲವಾದಲ್ಲಿ ಬಿಸಿಯೆದ್ದು ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗುತ್ತದೆ. ಹಾಕಿಸಿದ ಒಂದು ತಿಂಗಳ ಮೇಲೆ ಒಮ್ಮೆ, ಅನಂತರ ಆರು ತಿಂಗಳಿಗೊಮ್ಮೆ ತಿರುಪುಗಳನ್ನು ಬಿಗಿ ಮಾಡಬೇಕು. ಆಗ ಮೊದಲು ಪ್ಯಾನೆಲ್ಲಿನ ತಂತಿಯನ್ನೂ ಆಮೇಲೆ ಬ್ಯಾಟರಿಯ ತಂತಿಯನ್ನೂ ಕಳಚಬೇಕು. ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ಆಮೇಲೆ. ಬೆನ್ನಿನ ಹಲ್ಲುಗಳಲ್ಲಿ ಕೂರುವ ಧೂಳು, ಜೇಡರಬಲೆಗಳನ್ನು ಒಣ ಬ್ರಶ್ಶಿನಿಂದ ತೆಗೆಯಬೇಕು.

ಫ್ಯಾನು ಹಾಕಿದರೆ ಮುಗಿಯಿತಲ್ಲವೇ ಎನ್ನುವವರಿಗೆ ಒಂದು ಮಾತು. ಮೇಲೆ ಹೇಳಿದುದೆಲ್ಲವನ್ನೂ ಮಾಡಿದ ಬಳಿಕವೂ ಬಿಸಿ ತಗ್ಗದಿದ್ದರೆ, ಎರಡು ವಾಟು ತಿನ್ನುವ ಹನ್ನೆರಡು ವೋಲ್ಟಿನ ಸಣ್ಣ ಫ್ಯಾನೊಂದು ಹೊರಗಿನಿಂದ ಹಲ್ಲುಗಳ ಮೇಲೆ ಗಾಳಿ ಬೀಸುವಂತೆ ಮಾಡುವುದು ತಪ್ಪಲ್ಲ. ಆದರೆ ಪೆಟ್ಟಿಗೆಯ ಮೈಗೆ ತೂತು ಕೊರೆದು ಒಳಕ್ಕೆ ಗಾಳಿ ನುಗ್ಗಿಸುವುದು ಅವಿವೇಕ. ಕರಾವಳಿಯ ಉಪ್ಪುಗಾಳಿ, ಅಡಿಗೆಮನೆಯ ಜಿಡ್ಡು, ಹಲ್ಲಿ, ಇರುವೆ ಎಲ್ಲಕ್ಕೂ ಅದು ಹೆಬ್ಬಾಗಿಲಾಗುತ್ತದೆ. ಒದ್ದೆ ಬಟ್ಟೆ ಹೊದಿಸುವುದಂತೂ ಕೇಡಿಗೆ ಕೈಹಿಡಿದು ಕರೆದಂತೆ. ಫ್ಯಾನು ನಿಂತುಹೋದರೂ ಪೆಟ್ಟಿಗೆ ಬದುಕುವಂತಿರಬೇಕು. ಆ ಭರವಸೆಯನ್ನು ಕೊಡುವುದು ಒಳ್ಳೆಯ ಸ್ಥಳವೊಂದೇ.

ಇಷ್ಟೆಲ್ಲ ಕಷ್ಟವೇಕೆ, ಬೆಲೆಬಾಳುವ ಕಂಟ್ರೋಲರನ್ನೇ ಕೊಳ್ಳಬಾರದೇಕೆ ಎಂಬ ಪ್ರಶ್ನೆಯೂ ಬರಬಹುದು. ಶಕ್ತಿಯಿದ್ದವರು ಕೊಳ್ಳಲಿ, ನಮ್ಮ ಆಕ್ಷೇಪವಿಲ್ಲ. ಆದರೆ ಸಂಬಳದಲ್ಲಿ ಉಳಿಸಿ ಎರಡು ದೀಪ, ಒಂದು ಫ್ಯಾನಿನ ವ್ಯವಸ್ಥೆ ಮಾಡುವ ಹೋಟೆಲು ನೌಕರನಿಗೆ ಆ ಉಪದೇಶ ಮಾಡುವುದು ಹಸಿದವನಿಗೆ ಹಬ್ಬದೂಟದ ವರ್ಣನೆ ಮಾಡಿದಂತೆ. ದುಬಾರಿಯ ಪೆಟ್ಟಿಗೆಯೂ ಕಪಾಟಿನೊಳಗೆ ಬೆಂದರೆ ತನ್ನ ಕೆಲಸವನ್ನು ತಗ್ಗಿಸಿಕೊಳ್ಳುತ್ತದೆ. ಒಳ್ಳೆಯ ಎಡೆಯಲ್ಲಿಟ್ಟ ಅಗ್ಗದ ಪೆಟ್ಟಿಗೆ ಕೆಟ್ಟ ಎಡೆಯಲ್ಲಿಟ್ಟ ದುಬಾರಿಯ ಪೆಟ್ಟಿಗೆಯನ್ನು ನಾಚಿಸಬಲ್ಲುದು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಪ್ಯಾನೆಲ್ಲುಗಳು ಬೀದಿಯ ಕರೆಂಟಿಗೇ ಕೂಡುವಂಥವು. ಅಲ್ಲಿ ಕಂಟ್ರೋಲರಿನ ಬದಲಾಗಿ ಇನ್ವರ್ಟರಿರುತ್ತದೆ. ನೆರಳು, ಗಾಳಿಗಳ ಮಾತು ಅದಕ್ಕೂ ಸಲ್ಲುತ್ತದೆ.

ಆದರೆ ಹೊಣೆಯೆಲ್ಲವನ್ನೂ ಕೊಂಡವನ ಮೇಲೆ ಹೊರಿಸಿ ಮಾರಿದವನನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಮೂವತ್ತು ಆಂಪಿಯರು ಎಂದು ದಪ್ಪಕ್ಷರದಲ್ಲಿ ಬರೆಯುವವರು, ಎಷ್ಟು ಡಿಗ್ರಿಯ ಬಿಸಿಯವರೆಗೆ ಆ ಮಾತು ನಿಲ್ಲುತ್ತದೆಂಬುದನ್ನೂ ಅಷ್ಟೇ ದಪ್ಪಕ್ಷರದಲ್ಲಿ ಬರೆಯಬೇಕು. ಪೆಟ್ಟಿಗೆಯೊಡನೆ ಬರುವ ಚೀಟಿ ಇಂಗ್ಲಿಷಿನಲ್ಲಿಯೋ ಚೀನೀ ಭಾಷೆಯಲ್ಲಿಯೋ ಇದ್ದರೆ ಕುಂದಾಪುರದ ಅಜ್ಜಿಗೆ, ಆಳಂದದ ರೈತನಿಗೆ ಅದರಿಂದೇನು ಪ್ರಯೋಜನ? ಕರ್ನಾಟಕದಲ್ಲಿ ಮಾರುವ ಸರಕಿನೊಡನೆ ಕನ್ನಡದ ಚೀಟಿ ಇರಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಈ ದಾರಿ ಅಸಾಧ್ಯವೇನೂ ಅಲ್ಲ. 1995ರಲ್ಲಿ ಸ್ಥಾಪನೆಯಾದ ಸೆಲ್ಕೊ ಸಂಸ್ಥೆಯು ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ದೀಪವನ್ನು ಬ್ಯಾಂಕಿನ ಸಾಲದೊಡನೆ ಮುಟ್ಟಿಸಿದಾಗ, ದೀಪದ ಜೊತೆಗೆ ಅದನ್ನು ನೋಡಿಕೊಳ್ಳುವ ಸೇವೆಯನ್ನೂ ಮನೆಬಾಗಿಲಿಗೆ ಒದಗಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಅಂತರ್ಜಾಲದ ಅಂಗಡಿಯಿಂದ ಅಗ್ಗವಾಗಿ ತರಿಸಿದ ಪೆಟ್ಟಿಗೆಯೊಡನೆ ಅಂತಹ ಸೇವೆ ಬರುವುದಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಬೇಕಾದವರು ನಾವೇ.

ಇಲ್ಲಿ ಮುಂಬಯಿಯ ನಮ್ಮ ಸಂಘಗಳಿಗೆ ಒಂದು ಕೆಲಸವಿದೆ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರ ಪರಂಪರೆ ನಮ್ಮದು. ಕಲಿತುದನ್ನು ಊರಿಗೆ ತಲುಪಿಸುವುದು ಆ ಪರಂಪರೆಯ ಮುಂದುವರಿಕೆಯೇ. ಮೇಲಿನ ವಿಷಯಗಳನ್ನು ಒಂದು ಪುಟದ ಕನ್ನಡ ಚೀಟಿಯಾಗಿ ಅಚ್ಚುಹಾಕಿಸಿ, ಮೇ ತಿಂಗಳಲ್ಲಿ ಊರಿಗೆ ಹೊರಡುವ ಪ್ರತಿಯೊಬ್ಬನ ಕೈಯಲ್ಲೂ ಒಂದೊಂದನ್ನು ಇಟ್ಟರೆ ಸಂಘಕ್ಕೆ ಆಗುವ ಖರ್ಚು ಒಂದು ಸಭೆಯ ಹಾರತುರಾಯಿಗಳಷ್ಟೂ ಆಗದು. ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಬಂಧುಗಳು ಇಂಗ್ಲಿಷ್ ಚೀಟಿಯನ್ನು ಓದಿ, ಓದಲಾರದ ಮಿತ್ರರಿಗೆ ಅರ್ಥ ಹೇಳಲಿ.

ಊರಿಗೆ ಫೋನು ಮಾಡಿದಾಗ ದೀಪ ಉರಿಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇನ್ನು ಮುಂದೆ ಆ ಪ್ರಶ್ನೆಯೊಡನೆ ಮತ್ತೊಂದನ್ನೂ ಸೇರಿಸಬೇಕೆಂದು ವಾಚಕರಲ್ಲಿ ವಿನಂತಿ. ಮಧ್ಯಾಹ್ನ ಒಂದು ಗಂಟೆಯ ಬಿಸಿಲಿನ ಹೊತ್ತಿನಲ್ಲಿ ತಂತಿ, ತಿರುಪುಗಳನ್ನು ಮುಟ್ಟದೆ, ಪೆಟ್ಟಿಗೆಯ ಬದಿಗೆ ಕೈಯ ಹಿಂಬದಿಯನ್ನು ಮೆಲ್ಲನೆ ತಾಗಿಸಿ ನೋಡಲು ಮನೆಯವರಿಗೆ ಹೇಳಲಿ. ಹತ್ತು ಎಣಿಸುವವರೆಗೆ ಕೈಯಿಡಲು ಸಾಧ್ಯವಾದರೆ ಸಮಾಧಾನ. ಸುಟ್ಟಂತಾಗಿ ಕೈ ಹಿಂದಕ್ಕೆ ಬಂದರೆ ಆ ಪೆಟ್ಟಿಗೆಯ ಸ್ಥಳ ಸರಿಯಿಲ್ಲ, ಇಲ್ಲವೇ ಅದರ ಹೊರೆ ಹೆಚ್ಚಾಗಿದೆ. ಬ್ಯಾಟರಿಯ ದುಡ್ಡು ಹೊರಡುವ ಮುನ್ನ ಅದನ್ನು ಸರಿಪಡಿಸಲು ಸ್ಕ್ರೂಡ್ರೈವರೊಂದು ಸಾಕು.